ಡಾಂಬರಿನೊಳಗಿನ ಆದಿಕಾಲ

ಗುಹೆಯಾಚೆ ಕಾಲಿಟ್ಟರೆ ಸಾವು ಎಂದು ನಂಬಿದ ಅಪ್ಪ ಗ್ರಗ್, ಹೊರಗಿನ ಲೋಕ ನೋಡಲೇಬೇಕೆಂದು ಹಟ ಹಿಡಿದ ಮಗಳು ಈಪ್. ಇವರ ಕುಟುಂಬದ ಪಾಡನ್ನು ನಗಿಸುತ್ತಾ ಹೇಳುವ ‘ದಿ ಕ್ರೂಡ್ಸ್’ 2013ರ ಆ್ಯನಿಮೇಷನ್ ಚಿತ್ರ. ಅದರ ಪ್ರಾಣಿಗಳೆಲ್ಲ ಕಲಾವಿದರ ಕಲ್ಪನೆ. ಚಿತ್ರ ತಯಾರಿಸಿದ ಡ್ರೀಮ್‌ವರ್ಕ್ಸ್ ಇರುವುದು ಲಾಸ್ ಏಂಜಲೀಸ್‌ಗೆ ಅಂಟಿಕೊಂಡ ಗ್ಲೆಂಡೇಲ್‌ನಲ್ಲಿ. ಕಲ್ಪನೆಯ ಹಂಗಿಲ್ಲದ ಆದಿಕಾಲವೂ ಅಲ್ಲಿಂದ ದೂರವಿಲ್ಲ. ಲಾಸ್ ಏಂಜಲೀಸ್ ನಗರದ ನಡುವೆ, ವಿಲ್‌ಶೈರ್ ರಸ್ತೆಯ ಪಕ್ಕದಲ್ಲಿ ‘ಲಾ ಬ್ರಿಯಾ ಟಾರ್ ಪಿಟ್ಸ್’ ಇದೆ.

ನೆಲದಾಳದ ಕಚ್ಚಾತೈಲ ಬಿರುಕುಗಳ ಮೂಲಕ ಅಲ್ಲಿ ಮೇಲಕ್ಕೆ ಜಿನುಗುತ್ತದೆ. ಹಗುರವಾದ ಅಂಶ ಆವಿಯಾಗಿ ಹೋಗಿ, ಜಿಗುಟು ಡಾಂಬರು ಉಳಿಯುತ್ತದೆ. ಹತ್ತಾರು ಸಾವಿರ ವರ್ಷಗಳಿಂದ ನಡೆದುಬಂದ ಈ ಕ್ರಿಯೆ ಇನ್ನೂ ನಿಂತಿಲ್ಲ, ಇಂದಿಗೂ ಗುಳ್ಳೆಗಳು ಏಳುತ್ತಿವೆ. ಎಲೆ, ಧೂಳು ಮುಚ್ಚಿದ ಆ ನೆಲಕ್ಕೆ ಕಾಲಿಟ್ಟ ಬೈಸನ್, ಕುದುರೆಗಳು ಹಲಸಿನ ಮೇಣಕ್ಕೆ ಸಿಕ್ಕ ನೊಣದಂತೆ ಅಂಟಿಕೊಳ್ಳುತ್ತಿದ್ದವು. ಅವನ್ನು ತಿನ್ನಲು ಬಂದವೂ ಅಂಟಿಕೊಳ್ಳುತ್ತಿದ್ದವು. ಯಾವ ಕಾಡಿನಲ್ಲೂ ಸಸ್ಯಾಹಾರಿಗಳೇ ಹೆಚ್ಚು. ಲಾ ಬ್ರಿಯಾದ ಲೆಕ್ಕ ತಲೆಕೆಳಗು: ಇಲ್ಲಿ ಸಿಕ್ಕ ದೊಡ್ಡ ಸಸ್ತನಿಗಳಲ್ಲಿ ಶೇ 90ರಷ್ಟು ಮಾಂಸಾಹಾರಿಗಳು. ಡೈರ್ ತೋಳಗಳೇ 4,000ಕ್ಕೂ ಹೆಚ್ಚು, ಕತ್ತಿಹಲ್ಲಿನ ಬೆಕ್ಕುಗಳು 2,000ಕ್ಕೂ ಹೆಚ್ಚು!

ಮನುಷ್ಯರ ಪೈಕಿ ಸಿಕ್ಕಿದ್ದು ಒಬ್ಬಳೇ ಒಬ್ಬಳು. 1914ರಲ್ಲಿ ಪತ್ತೆಯಾದ ಆ ಹೆಣ್ಣಿನ ಮೂಳೆಗಳಿಗೆ ಸುಮಾರು 10,000 ವರ್ಷ ವಯಸ್ಸು. ಆ ವೇಳೆಗೆ ಕತ್ತಿಹಲ್ಲಿನ ಬೆಕ್ಕುಗಳು ಅಲ್ಲಿಂದ ಮರೆಯಾಗಿದ್ದವು. ಸುಮಾರು 13,000 ವರ್ಷಗಳ ಹಿಂದೆ ಏರಿದ ಬಿಸಿ, ಬರ, ಜೊತೆಗೆ ಜನ ಹಚ್ಚಿದ ಬೆಂಕಿ ಸೇರಿ ಆ ದೈತ್ಯರನ್ನು ಅಳಿಸಿದವು ಎಂದು 2023ರ ಅಧ್ಯಯನ ವಾದಿಸುತ್ತದೆ. ಆದಿಮಾನವರನ್ನು ಬರೀ ಹೆದರಿ ಅಡಗಿದವರೆಂದು ಭಾವಿಸುವ ನಮಗೆ ಇದು ಅರಗಿಸಿಕೊಳ್ಳಲು ಕಷ್ಟದ ಮಾತು.

ಹಾಗಾದರೆ ಮನುಷ್ಯ ಅಮೆರಿಕಕ್ಕೆ ಬಂದದ್ದು ಯಾವಾಗ? ಸ್ಯಾನ್ ಡಿಯೇಗೊದಲ್ಲಿ 1992ರಲ್ಲಿ ಹೆದ್ದಾರಿ ಕಾಮಗಾರಿ ನಡೆದಾಗ, ಅಲ್ಲಿನ ಪ್ರಕೃತಿ ವಿಜ್ಞಾನ ಮ್ಯೂಸಿಯಂನ ರಿಚರ್ಡ್ ಸೆರುಟಿ ಆನೆಯಂಥ ಮಾಸ್ಟೊಡಾನ್‌ನ ಮೂಳೆಗಳನ್ನು ಗುರುತಿಸಿದರು. ಮೂಳೆಗಳು ಒಡೆದಿದ್ದವು, ಪಕ್ಕದಲ್ಲಿ ದಪ್ಪ ಗುಂಡುಕಲ್ಲುಗಳಿದ್ದವು. ಇವು ಮನುಷ್ಯರೇ ಒಡೆದ ಮೂಳೆಗಳು, ವಯಸ್ಸು ಸುಮಾರು 1,30,000 ವರ್ಷ ಎಂದು 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಬಂದಾಗ ವಿಜ್ಞಾನಿಗಳು ಹೌಹಾರಿದರು. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿರುವ ಮನುಷ್ಯರ ಹೆಜ್ಜೆಗುರುತುಗಳಿಗೂ 21,000ದಿಂದ 23,000 ವರ್ಷವಷ್ಟೇ.

ಮೂಳೆ ಒಡೆದದ್ದು ರಸ್ತೆ ಕಾಮಗಾರಿಯ ಭಾರೀ ಯಂತ್ರಗಳಿರಬಹುದು ಎಂಬ ಆಕ್ಷೇಪವನ್ನು ಸಂಶೋಧಕರು ಒಪ್ಪಿಲ್ಲ. ಆದರೆ ಆ ಪದರದಲ್ಲಿ ಮನುಷ್ಯನ ಒಂದು ಮೂಳೆಯೂ ಸಿಕ್ಕಿಲ್ಲ, ಕೆತ್ತಿ ಮಾಡಿದ ಕಲ್ಲಿನ ಆಯುಧವೂ ಸಿಕ್ಕಿಲ್ಲ. ಅಂಥದ್ದೊಂದು ಸಿಗುವವರೆಗೆ 1,30,000 ವರ್ಷದ ಮಾತನ್ನು ನಂಬಲಾಗದು.