ಹುಮನಾಬಾದ್‌ನಿಂದ ಮಿಲಿಟರಿ ಡಾಕ್ಟರ್ ಎಷ್ಟು ದೂರ?

ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಓಡಾಡುವವರಿಗೆಲ್ಲ ಸಸ್ತಾಪುರ ಬಂಗ್ಲಾ ಗೊತ್ತು. ಬಸವಕಲ್ಯಾಣಕ್ಕೆ ಒಳಗೆ ತಿರುಗುವ ಕ್ರಾಸ್ ಅದು. ಅಲ್ಲಿಂದ ಪೂರ್ವಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಹುಮನಾಬಾದ್. ಇದೇ ರಸ್ತೆಯ ಒಂದು ತುದಿಯ ಪುಣೆಯಲ್ಲಿ ಸೇನೆಗೆ ಡಾಕ್ಟರ್‌ಗಳನ್ನು ತಯಾರು ಮಾಡುವ ಎಎಫ್‌ಎಂಸಿ ಕಾಲೇಜಿದೆ, 1948ರದ್ದು. ಸೇನೆಯ ದೊಡ್ಡ ಕಮಾಂಡ್ ಆಸ್ಪತ್ರೆಯೂ ಅಲ್ಲೇ. ಇನ್ನೊಂದು ಕಡೆ ಹೈದರಾಬಾದ್ ಮುಟ್ಟಿದರೆ ಸಿಕಂದರಾಬಾದ್‌ನ ಮಿಲಿಟರಿ ಆಸ್ಪತ್ರೆ. ಪುಣೆ ಹುಮನಾಬಾದ್‌ನಿಂದ ಸುಮಾರು 400 ಕಿಲೋಮೀಟರ್, ಸಿಕಂದರಾಬಾದ್ 160ರ ಆಸುಪಾಸು. ನಡುವೆ ಇರುವ ನಮ್ಮ ತಾಲೂಕುಗಳಲ್ಲಿ, ಸೇನೆಯಿಂದ ನಿವೃತ್ತರಾಗಿ ಬಂದವರ ಬಿಪಿ ನೋಡಲೂ ಸೇನೆಯ ಕಡೆಯ ಒಬ್ಬ ಡಾಕ್ಟರ್ ಇಲ್ಲ.

ನಮ್ಮ ಕಾಕಾ ಹವಾಲ್ದಾರ್ ಆಗಿ ನಿವೃತ್ತರಾದವರು, ಈಗ ಹುಮನಾಬಾದ್‌ನಲ್ಲಿದ್ದಾರೆ. ನಾನು ಹೈದರಾಬಾದ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋದರಿಂದ ಅವರ ಆರೋಗ್ಯ ಕಾರ್ಡನ್ನು ಸಿಕಂದರಾಬಾದ್‌ನ ಪಾಲಿಕ್ಲಿನಿಕ್‌ಗೆ ಜೋಡಿಸಿಕೊಂಡಿದ್ದಾರೆ. ಶುಗರ್ ಮಾತ್ರೆಗೂ ಬೆಳಗಿನ ಬಸ್ಸು. ಸೇನೆಯ ವೈದ್ಯಕೀಯ ವ್ಯವಸ್ಥೆಗೆ ದುಡ್ಡು ಎಲ್ಲಿಂದ ಬರುತ್ತದೆ, ಡಾಕ್ಟರ್ ಎಲ್ಲಿಂದ ಬರುತ್ತಾರೆ ಅಂತ ನಾನು ಓದಲು ಶುರು ಮಾಡಿದ್ದು ಅವರ ಜೊತೆ ಅಲ್ಲಿ ಕೂತು ಕಾಯುವಾಗಲೇ.

ಮೊದಲು ದುಡ್ಡಿನ ಮಾತು. ಸೇವೆಯಲ್ಲಿರುವ ಯೋಧರಿಗೆ ಸೇನೆಯದೇ ಆಸ್ಪತ್ರೆಗಳಿವೆ, ಸಮವಸ್ತ್ರದ ಡಾಕ್ಟರ್‌ಗಳಿದ್ದಾರೆ. ನಿವೃತ್ತರಿಗೆ ಇರೋದು ಇಸಿಎಚ್‌ಎಸ್, ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ. ಶುರುವಾಗಿದ್ದು 2003ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ಮಿಲಿಟರಿ ಆಸ್ಪತ್ರೆಯಲ್ಲಿ ಜಾಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಈಗ ನಿವೃತ್ತಿಯ ಹೊತ್ತಿಗೆ ಒಂದೇ ಸಲ ವಂತಿಗೆ ಕಟ್ಟಿದರೆ ಜೀವನಪೂರ್ತಿ ಗಂಡ-ಹೆಂಡತಿಗೆ, ಅವಲಂಬಿತರಿಗೆ ಚಿಕಿತ್ಸೆ. 2017ರ ಕೊನೆಗೆ ಪರಿಷ್ಕರಿಸಿದ ದರದಲ್ಲಿ ಹವಾಲ್ದಾರ್‌ವರೆಗಿನವರಿಗೆ 30,000 ರೂಪಾಯಿ, ಸುಬೇದಾರ್ ದರ್ಜೆಯವರಿಗೆ 67,000, ಅಧಿಕಾರಿಗಳಿಗೆ 1,20,000. 1996ಕ್ಕಿಂತ ಮೊದಲು ನಿವೃತ್ತರಾದವರಿಗೆ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ವಂತಿಗೆಯೇ ಇಲ್ಲ.

ಬೈಪಾಸ್ ಆಪರೇಷನ್ ಒಂದಕ್ಕೆ ಎಷ್ಟಾಗುತ್ತದೆ ಅಂತ ಗೊತ್ತಿದ್ದವರಿಗೆ, ಈ 30,000ದಲ್ಲಿ ಯೋಜನೆ ನಡೆಯೋದಿಲ್ಲ ಅನ್ನೋದು ತಕ್ಷಣ ತಿಳಿಯುತ್ತದೆ. ಉಳಿದದ್ದೆಲ್ಲ ಸರ್ಕಾರದ್ದೇ. ಬಜೆಟ್‌ನಲ್ಲಿ ಇಸಿಎಚ್‌ಎಸ್‌ಗೆ 2023-24ರಲ್ಲಿ 5,431 ಕೋಟಿ ಇಟ್ಟಿದ್ದರು, 2024-25ಕ್ಕೆ 6,968 ಕೋಟಿ, 2025-26ಕ್ಕೆ 8,317 ಕೋಟಿ. ಎರಡೇ ವರ್ಷದಲ್ಲಿ ಅರ್ಧಕ್ಕೂ ಹೆಚ್ಚು ಏರಿಕೆ. ಹಾಗಾಗಿ ‘ಸರ್ಕಾರ ದುಡ್ಡೇ ಕೊಡಲ್ಲ’ ಎಂಬ ಕಟ್ಟೆಯ ಮಾತನ್ನು ನಾನಂತೂ ಒಪ್ಪಲ್ಲ.

ದುಡ್ಡು ಹೋಗೋದು ಎಲ್ಲಿಗೆ ಅನ್ನೋದೇ ಬೇರೆ ಕಥೆ. ದೊಡ್ಡ ಪಾಲು ಹೋಗುವುದು ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗಳ ಬಿಲ್ಲಿಗೆ. ಪಾಲಿಕ್ಲಿನಿಕ್ ಡಾಕ್ಟರ್ ನೋಡಿ ರೆಫರಲ್ ಬರೆದರೆ, ರೋಗಿ ಕೈಯಿಂದ ಹಣ ಕೊಡದೆ ಆ ಆಸ್ಪತ್ರೆಗೆ ಹೋಗಬಹುದು. ಆಸ್ಪತ್ರೆ ಬಿಲ್ಲನ್ನು ಆನ್‌ಲೈನ್‌ನಲ್ಲಿ ಹಾಕುತ್ತದೆ, ಅದು ಪರಿಶೀಲನೆ, ಒಪ್ಪಿಗೆ ಅಂತ ಹಂತ ಹಂತವಾಗಿ ದಾಟಿ ಪಾವತಿಯಾಗಬೇಕು. ಬಿಲ್ ತಡವಾಗೋದು ಹಳೆಯ ಕಾಯಿಲೆ. ಸಿಎಜಿ 2015ರ ತನ್ನ ವರದಿಯಲ್ಲೇ ಇದನ್ನು ಬರೆದಿತ್ತು, ಪಾಲಿಕ್ಲಿನಿಕ್‌ಗಳಲ್ಲಿ ಔಷಧಿ ಕೊರತೆಯನ್ನೂ. ಬಾಕಿ ಏರಿದರೆ ಕಾರ್ಡ್ ನೋಡಿದ ಆಸ್ಪತ್ರೆಯ ಕೌಂಟರ್‌ನಲ್ಲಿ ಮುಖ ಬದಲಾಗುತ್ತದೆ. ‘ಬೆಡ್ ಇಲ್ಲ ಸಾರ್’ ಅಂತಾರೆ. ಬೆಡ್ ಇರುತ್ತದೆ.

ಈ ಇಡೀ ಸರಪಳಿ ನಿಂತಿರುವುದು ಪಾಲಿಕ್ಲಿನಿಕ್‌ನ ಕುರ್ಚಿಯಲ್ಲಿ ಕೂತ ಒಬ್ಬ ಎಂಬಿಬಿಎಸ್ ಡಾಕ್ಟರ್ ಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಅವರು ರಜೆ ಹಾಕಿದರೆ ರೆಫರಲ್ ನಿಂತಿತು. ಅವರು ಸೇನೆಯ ಡಾಕ್ಟರ್ ಅಲ್ಲ, ಗುತ್ತಿಗೆಯವರು. ನರ್ಸಿಂಗ್ ಸಹಾಯಕರು, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್, ಡ್ರೈವರ್, ಗುಮಾಸ್ತ ಎಲ್ಲರೂ ಹಾಗೇ. ಗುತ್ತಿಗೆ ವರ್ಷದ ಲೆಕ್ಕದ್ದು, ಕೆಲಸ ಸರಿಯಿದ್ದರೆ ಮುಂದುವರಿಕೆ. ವರ್ಷಗಟ್ಟಲೆ ಜಾಹೀರಾತುಗಳಲ್ಲಿ ನಾನು ನೋಡಿದ ಸಂಬಳ ಮೆಡಿಕಲ್ ಆಫೀಸರ್‌ಗೆ ತಿಂಗಳಿಗೆ 75,000, ಫಾರ್ಮಸಿಸ್ಟ್‌ಗೆ 28,100. ಅನುಭವ ಇರುವ ಡಾಕ್ಟರ್ ಈ ಸಂಬಳಕ್ಕೆ, ಪಿಂಚಣಿ ಇಲ್ಲದ, ಬಡ್ತಿ ಇಲ್ಲದ ಕೆಲಸಕ್ಕೆ ದೊಡ್ಡ ಊರಲ್ಲಾದರೆ ಬಂದಾರು. ಸಣ್ಣ ಊರಿಗೆ ಯಾಕೆ ಬರ್ತಾರೆ? ಬರುವವರಲ್ಲಿ ಪಿಜಿ ಸೀಟಿಗೆ ಓದುತ್ತಿರುವ ಹುಡುಗರಿರುತ್ತಾರೆ, ಬೇರೆ ಕಡೆ ನಿವೃತ್ತರಾದ ಹಿರಿಯರಿರುತ್ತಾರೆ. ಹುಡುಗರು ಸೀಟು ಸಿಕ್ಕ ದಿನ ಹೊರಡುತ್ತಾರೆ; ಅದು ಅವರ ತಪ್ಪಲ್ಲ.

ಕಾಕಾ ಇದನ್ನು ತಮ್ಮದೇ ರೀತಿಯಲ್ಲಿ ಹೇಳ್ತಾರೆ: “ಪಲ್ಟನ್‌ದಾಗ ಡಾಕ್ಟರ್ ಬದಲಾದ್ರ ಫೈಲ್ ಕೈಗೆ ಕೊಟ್ಟು ಹೋಗ್ತಿದ್ದ ತಮ್ಮಾ. ಇಲ್ಲಿ ಪ್ರತಿ ಸಲ ನಂದೇ ಕಥಿ ಮೊದಲಿಂದ ಹೇಳಬೇಕು.”

ಪಾಲಿಕ್ಲಿನಿಕ್ ಎಲ್ಲಿ, ಎಷ್ಟು ಸಿಬ್ಬಂದಿ ಅನ್ನೋದನ್ನು ತೀರ್ಮಾನಿಸುವುದು ಮುಖ್ಯವಾಗಿ ಆ ಪ್ರದೇಶದ ಮಾಜಿ ಸೈನಿಕರ ಸಂಖ್ಯೆ. ಮೊದಲು 227ಕ್ಕೆ ಮಂಜೂರಾತಿ ಸಿಕ್ಕಿತ್ತು, 2010ರಲ್ಲಿ ಇನ್ನೂ 199ಕ್ಕೆ. ಮನೆಮನೆಗೂ ಸೈನಿಕರಿರುವ ಕೊಡಗಿನಲ್ಲಿ ಮಡಿಕೇರಿಗೊಂದು, ವಿರಾಜಪೇಟೆಗೊಂದು ಇವೆ. ಬೆಳಗಾವಿಗೆ ಮರಾಠಾ ರೆಜಿಮೆಂಟಿನ ಕೇಂದ್ರವೂ, ಮಿಲಿಟರಿ ಆಸ್ಪತ್ರೆಯೂ ಇವೆ. ಸಂಖ್ಯೆ ನೋಡಿ ಹಂಚುವುದು ನ್ಯಾಯವೇ. ಆದರೆ ಈ ಲೆಕ್ಕದಲ್ಲಿ ಬಸವಕಲ್ಯಾಣ, ಹುಮನಾಬಾದ್‌ನಂತಹ ಕಡೆ ಹಳ್ಳಿಗೊಬ್ಬರು ಇಬ್ಬರಂತೆ ಚದುರಿ ಹೋದವರು ಯಾವ ಕಾಲಮ್ಮಿಗೂ ಬೀಳೋದಿಲ್ಲ. ಕಡಿಮೆ ಇದ್ದಾರೆ ಅನ್ನೋದು ಅವರ ಬಸ್ ದೂರವನ್ನು ಕಡಿಮೆ ಮಾಡಲ್ಲವಲ್ಲ.

ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳ ದೊಡ್ಡ ಜಾಲ ಇದೆ. ಅಲ್ಲೂ ಇದೇ ತಕರಾರು ಎದ್ದು, 2018ರಲ್ಲಿ ಕಾನೂನು ಮಾಡಿದರು. ಅದರ ಮೇಲೆ ಬಂದ ನಿಯಮದಂತೆ ಸಾಮಾನ್ಯ ಚಿಕಿತ್ಸೆಗೆ ಸರಾಸರಿ 30 ನಿಮಿಷಕ್ಕಿಂತ, ತಜ್ಞರ ಚಿಕಿತ್ಸೆಗೆ 60 ನಿಮಿಷಕ್ಕಿಂತ ಹೆಚ್ಚು ಗಾಡಿ ಓಡಿಸಬೇಕಾದರೆ, ಹತ್ತಿರದ ಖಾಸಗಿ ಡಾಕ್ಟರ್ ಹತ್ತಿರ ಸರ್ಕಾರಿ ಖರ್ಚಿನಲ್ಲಿ ಹೋಗಬಹುದು. ಅಮೆರಿಕದ ದುಡ್ಡು ನಮ್ಮಲ್ಲಿಲ್ಲ, ಸರಿ. ಆದರೆ ತಲೆ ಎಣಿಸುವ ಜೊತೆಗೆ ದೂರವನ್ನೂ ಅಳೆಯಬಹುದು ಅನ್ನೋ ಯೋಚನೆಗೆ ಅಷ್ಟು ಖರ್ಚಿಲ್ಲ. ತಾಲೂಕು ಕೇಂದ್ರದಲ್ಲಿ ವಾರಕ್ಕೆರಡು ದಿನ ಕೂರಲು ಒಬ್ಬ ಸ್ಥಳೀಯ ಡಾಕ್ಟರ್‌ಗೆ ಗೌರವಧನ ಕೊಟ್ಟು, ರೆಫರಲ್ ಬರೆಯುವ ಅಧಿಕಾರ ಕೊಟ್ಟರೂ ಅರ್ಧ ಓಡಾಟ ತಪ್ಪುತ್ತದೆ.

ದೂರದ ಬೆಲೆ ನಮ್ಮ ಮನೆಗೆ ಗೊತ್ತಾಗಿದ್ದು ಕಾಕಾ ಬಸವಕಲ್ಯಾಣಕ್ಕೆ ಮದುವೆಗೆ ಹೋದಾಗ. ಊಟದ ಹೊತ್ತಿಗೆ ಎದೆ ಹಿಡಿದುಕೊಂಡಿತು. ಸಿಕಂದರಾಬಾದ್ ತನಕ ಒಯ್ಯುವ ಪ್ರಶ್ನೆಯೇ ಇರಲಿಲ್ಲ, ಸಿಕ್ಕ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಕಾರ್ಡ್ ನಡೆಯೋದಿಲ್ಲ, ಮೊದಲು ಅಡ್ವಾನ್ಸ್ ಅಂದರು. ಕಾಕೂ ಕೊರಳ ಸರ ಬಿಚ್ಚಲು ಹೋದರು, ನಾನು ಫೋನಿನಿಂದ ಹಣ ಕಳಿಸಿದೆ. ಕಾಕಾ ಉಳಿದರು. ತುರ್ತು ಚಿಕಿತ್ಸೆಯಾದ್ದರಿಂದ ಹಣ ವಾಪಸ್ ಕೇಳುವ ಹಕ್ಕಿತ್ತು, ಕೇಳಿದೆವು. ಎಷ್ಟೋ ತಿಂಗಳ ಮೇಲೆ ಬಂದಿದ್ದು ಸಿಜಿಎಚ್‌ಎಸ್ ದರದ ಲೆಕ್ಕದಲ್ಲಿ, ಅಂದರೆ ಕೊಟ್ಟಿದ್ದಕ್ಕಿಂತ ಸಾಕಷ್ಟು ಕಡಿಮೆ.

ನಿಮ್ಮ ಮನೆಯಲ್ಲೂ ಮಾಜಿ ಸೈನಿಕರಿದ್ದು ನೀವು ದೂರದ ಊರಲ್ಲಿದ್ದರೆ ಇಷ್ಟು ಮಾಡಿಟ್ಟುಕೊಳ್ಳಿ. ಕಾರ್ಡಿನ ಎರಡೂ ಬದಿಯ ಫೋಟೋ ಮನೆಯವರೆಲ್ಲರ ಫೋನಿನಲ್ಲಿರಲಿ. ಒಪ್ಪಂದ ಇಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿಸಿದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಫೋನ್ ಮಾಡಿದ್ದು ಸಾಲದು, ಇಮೇಲ್ ಕೂಡ ಹಾಕಿ, ದಾಖಲೆ ಉಳಿಯುತ್ತದೆ. ತುರ್ತು ಪರಿಸ್ಥಿತಿ ಅಂತ ಡಾಕ್ಟರ್ ಬರೆದ ಪತ್ರ, ಡಿಸ್ಚಾರ್ಜ್ ಸಮ್ಮರಿ, ಪ್ರತಿ ರಸೀದಿಯ ಮೂಲಪ್ರತಿ ಜೋಪಾನ ಮಾಡಿ. ಸಣ್ಣಪುಟ್ಟದಕ್ಕೆ ಸೇಹತ್ ಒಪಿಡಿ ಇದೆ, 2021ರ ಮೇ ತಿಂಗಳಲ್ಲಿ ರಕ್ಷಣಾ ಇಲಾಖೆ ಶುರು ಮಾಡಿದ್ದು; ವಿಡಿಯೋದಲ್ಲಿ ಸೇನೆಯ ಡಾಕ್ಟರ್ ಜೊತೆ ಉಚಿತವಾಗಿ ಮಾತಾಡಬಹುದು. ಕಾಕಾಗೆ ಅದನ್ನು ಕಲಿಸಲು ಒಂದು ಭಾನುವಾರ ಸಾಕಾಯಿತು. ಈಗ ಓಣಿಯ ಇನ್ನಿಬ್ಬರಿಗೆ ಅವರೇ ಲಾಗಿನ್ ಮಾಡಿಕೊಡ್ತಾರೆ, ಕ್ಯಾಮೆರಾ ಮುಂದೆ ಅಟೆನ್ಷನ್‌ನಲ್ಲಿ ಕೂರಿಸಿ.