ಒಂದು ಮದುವೆ, ಮುನ್ನೂರು ವರ್ಷ, ಒಂದು ಕಾಯಿಲೆ

ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರು, "ನಿಮ್ಮ ಮನೆಯಲ್ಲಿ ಯಾರಿಗಾದರೂ ಅರಿವಳಿಕೆ ಮದ್ದಿನಿಂದ ತೊಂದರೆಯಾಗಿತ್ತೆ?" ಎಂದು ವಿಚಾರಿಸುವುದುಂಟು. ನಾವು ತಲೆ ಅಲ್ಲಾಡಿಸಿ "ಇಲ್ಲ" ಎಂದುಬಿಡುತ್ತೇವೆ. ಆದರೆ "ನಿಮ್ಮ ಮನೆ" ಎಂದರೆ ಯಾರು ಯಾರು? ದಕ್ಷಿಣ ಆಫ್ರಿಕದಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದ ವೈದ್ಯರೊಬ್ಬರು 1688ನೇ ಇಸವಿಯ ಒಂದು ಮದುವೆಯ ತನಕ ಹೋಗಿ ಮುಟ್ಟಿದರು.

ಅವರ ಹೆಸರು ಜೆಫ್ರಿ ಡೀನ್. ಬ್ರಿಟನ್‌ನಲ್ಲಿ ಹುಟ್ಟಿ ಬೆಳೆದ ಡೀನ್, 1940ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕದ ಪೋರ್ಟ್ ಎಲಿಜಬೆತ್ ಎಂಬ ರೇವುಪಟ್ಟಣದಲ್ಲಿ ವೃತ್ತಿ ಆರಂಭಿಸಿದರು. ಬಾರ್ಬಿಟ್ಯುರೇಟ್ ಎಂಬ ಜಾತಿಯ ನಿದ್ರೆಮದ್ದನ್ನೋ ಅರಿವಳಿಕೆಯನ್ನೋ ಪಡೆದ ಕೆಲವು ರೋಗಿಗಳು ಇದ್ದಕ್ಕಿದ್ದಂತೆ ವಿಪರೀತ ಹೊಟ್ಟೆನೋವಿನಿಂದ ನರಳುತ್ತಿದ್ದರು, ಬುದ್ಧಿ ಭ್ರಮಣೆಯಾಗುತ್ತಿತ್ತು, ಕೈಕಾಲು ಸ್ವಾಧೀನ ತಪ್ಪುತ್ತಿತ್ತು. ಕೆಲವರು ಸತ್ತೂ ಹೋಗುತ್ತಿದ್ದರು. ಮೂತ್ರದ ಬಣ್ಣ ಕಪ್ಪಗಾಗುತ್ತಿತ್ತು. ಇದು ಪಾರ್ಫೀರಿಯ ಎಂಬ ಕಾಯಿಲೆ. ಇಂಥ ರೋಗಿಗಳ ಬಂಧುಗಳನ್ನು ನೋಡಲು ಡೀನ್ ಹಳ್ಳಿಗಾಡಿನ ಹೊಲಮನೆಗಳಿಗೆ ಹೋದಾಗ ಇನ್ನೊಂದು ಸಂಗತಿ ಕಂಡಿತು. ಅನೇಕರ ಅಂಗೈ ಹಿಂಬದಿಯ ಚರ್ಮ ಬಿಸಿಲಿಗೆ ಬೊಬ್ಬೆಯೆದ್ದು, ಸ್ವಲ್ಪ ತಗುಲಿದರೂ ಸುಲಿದು, ಕಲೆ ಕಟ್ಟಿತ್ತು. ಅವರಿಗೆ ಅದೇನೂ ಹೊಸದಲ್ಲ. "ಫಾನ್ ರೂಯೆನ್ ಚರ್ಮ" ಎಂದು ಅದಕ್ಕೊಂದು ಹೆಸರನ್ನೇ ಇಟ್ಟುಕೊಂಡಿದ್ದರು. ಫಾನ್ ರೂಯೆನ್ ಎಂಬುದು ಅಲ್ಲಿನ ಒಂದು ದೊಡ್ಡ ಮನೆತನದ ಹೆಸರು.

ಹಾಗಾದರೆ ಫಾನ್ ರೂಯೆನ್ ಹೆಸರಿನವರನ್ನೆಲ್ಲ ಪಟ್ಟಿ ಮಾಡಿದರೆ ಕೆಲಸ ಮುಗಿಯಿತಲ್ಲವೆ? ಮುಗಿಯಲಿಲ್ಲ. ಬೇರೆ ಹೆಸರಿನ ಮನೆಗಳಲ್ಲೂ ಅದೇ ಕೈ, ಅದೇ ಕಾಯಿಲೆ ಕಾಣಿಸುತ್ತಿತ್ತು.

ಇದರ ಕಾರಣ ತಿಳಿಯಲು ಆ ಜನ ಅಲ್ಲಿಗೆ ಬಂದ ಕಾಲಕ್ಕೆ ಹೋಗಬೇಕು. ಡಚ್ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಕೇಪ್ ಭೂಶಿರದಲ್ಲಿ ಠಾಣ್ಯ ಹೂಡಿತು. ಭಾರತದ ಕಡೆಗೆ ಹೋಗುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವುದು ಅದರ ಉದ್ದೇಶ. ಹಾಲೆಂಡಿನಿಂದ ವಲಸೆ ಬಂದ ಸಾಮಾನ್ಯರಲ್ಲಿ ಅನೇಕರಿಗೆ ಆಗ ಸ್ಥಿರವಾದ ಮನೆತನದ ಹೆಸರೇ ಇರಲಿಲ್ಲ. ತಂದೆಯ ಹೆಸರೇ ಮಗನ ಹೆಸರಿಗೆ ಬಾಲ: ಗೆರಿಟ್ ಯಾನ್ಸ್ ಎಂದರೆ ಯಾನನ ಮಗ ಗೆರಿಟ್. ಇಲ್ಲವೆ ಹುಟ್ಟೂರು: ಫಾನ್ ಡೆವೆಂಟರ್ ಎಂದರೆ ಡೆವೆಂಟರ್ ಊರಿನವನು. ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ಮಗ ಮೂವರೂ ಸಾಲಾಗಿ ನಿಂತಿಲ್ಲವೆ! ಕೇಪಿನಲ್ಲಿ ಮಾತ್ರ ಕಾಲಕ್ರಮದಲ್ಲಿ ಊರಿನ ಹೆಸರು ಮನೆತನಕ್ಕೆ ಅಂಟಿಕೊಂಡು ತಂದೆಯಿಂದ ಮಕ್ಕಳಿಗೆ ಇಳಿಯತೊಡಗಿತು.

ವಂಶಶೋಧಕರಿಗೆ ಅನುಕೂಲವಾದದ್ದು ಚರ್ಚಿನ ದಾಖಲೆಪುಸ್ತಕಗಳು. ಮಗುವಿನ ನಾಮಕರಣ, ಮದುವೆ ಎಲ್ಲವೂ ಅಲ್ಲಿ ಬರೆದಿಟ್ಟಿದ್ದವು. ಅವುಗಳನ್ನು ಸೋಸಿ ಡ ವಿಲಿಯರ್ಸ್ ಎಂಬಾತ ಸಿದ್ಧಪಡಿಸಿದ ಹಳೆಯ ಕೇಪ್ ಮನೆತನಗಳ ವಂಶಾವಳಿ 1893-94ರಲ್ಲಿ ಅಚ್ಚಾಯಿತು. ಆತನ ಗುರುತಿನ ಪದ್ಧತಿ ಸರಳವಾದದ್ದು, ಜಾಣತನದ್ದು. ಮೊದಲು ಬಂದ ಪೂರ್ವಜ 'ಎ', ಅವನ ಮಕ್ಕಳು 'ಬಿ', ಮೊಮ್ಮಕ್ಕಳು 'ಸಿ'. ಪಕ್ಕದ ಅಂಕಿ ಹುಟ್ಟಿದ ಕ್ರಮವನ್ನು ಹೇಳುತ್ತದೆ. ಎ1-ಬಿ3-ಸಿ2 ಎಂದರೆ ಮೂಲಪುರುಷನ ಮೂರನೆಯ ಮಗುವಿನ ಎರಡನೆಯ ಮಗು. ನಿಮ್ಮ ಮನೆಯ ವಂಶವೃಕ್ಷಕ್ಕೂ ಇದನ್ನು ಬಳಸಿ ನೋಡಬಹುದು.

ಆದರೆ ಇಂಥ ವಂಶಾವಳಿಯ ಹಾದಿ ಗಂಡುಮಕ್ಕಳದ್ದು. ಮಗಳು ಮದುವೆಯಾದ ಕೂಡಲೇ ಅವಳ ಮಕ್ಕಳು ಇನ್ನೊಂದು ಹೆಸರಿನ ಪುಟಕ್ಕೆ ದಾಟಿಬಿಡುತ್ತಾರೆ. ಡೀನ್ ಆ ಪುಟಗಳನ್ನೂ ಬಿಡಲಿಲ್ಲ. ತಾಯಿಯ ಕಡೆ, ತಾಯಿಯ ತಾಯಿಯ ಕಡೆ ಹಿಂದಕ್ಕೆ ಹೋದರು. ಜೀವಂತವಿರುವವರ ಮಲದ ಮಾದರಿಗಳನ್ನು ಸಂಗ್ರಹಿಸಿ ಅತಿನೇರಳೆ ಬೆಳಕಿನಲ್ಲಿ ಪರೀಕ್ಷಿಸಿದರು. ಪಾರ್ಫೀರಿನ್ ಹೆಚ್ಚಾಗಿದ್ದರೆ ಅದು ಕೆಂಪಾಗಿ ಹೊಳೆಯುತ್ತದೆ. (ಸಂಶೋಧನೆ ಎಂದರೆ ಯಾವಾಗಲೂ ಬಿಳಿ ಕೋಟು, ಗಾಜಿನ ನಳಿಕೆ ಎಂದುಕೊಂಡವರು ಇದನ್ನು ಗಮನಿಸಬೇಕು.) ಬೇರೆಬೇರೆ ಹೆಸರಿನ ಹಲವಾರು ಕುಟುಂಬಗಳ ಎಳೆಗಳು ಕೊನೆಗೆ ಒಂದೇ ದಂಪತಿಗಳಲ್ಲಿ ಕೂಡಿದವು. ಅವರು ಡೆವೆಂಟರ್‌ನ ಗೆರಿಟ್ ಯಾನ್ಸ್ ಮತ್ತು ರಾಟರ್‌ಡ್ಯಾಮ್‌ನ ಅನಾಥಾಲಯದಿಂದ 1688ರಲ್ಲಿ ಹಡಗಿನಲ್ಲಿ ಬಂದ ಆರಿಯಾಂಚೆ. ಅದೇ ವರ್ಷ ಅವರ ಮದುವೆಯಾಯಿತು. ಅಂದಮೇಲೆ "ಫಾನ್ ರೂಯೆನ್ ಚರ್ಮ" ಫಾನ್ ರೂಯೆನ್ನರ ಸ್ವಂತ ಸೊತ್ತಲ್ಲ. ಅದು ಹೆಣ್ಣಿನ ಕಡೆಯಿಂದ ಆ ಮನೆ ಸೇರಿದ್ದು.

ಇದರ ಹಿಂದಿನ ವಿಜ್ಞಾನವಿಷ್ಟು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ವಸ್ತು ದೇಹದಲ್ಲಿ ಎಂಟು ಹಂತಗಳಲ್ಲಿ ತಯಾರಾಗುತ್ತದೆ. ಈ ಮನೆತನಗಳಲ್ಲಿ ಏಳನೆಯ ಹಂತದ ಕಿಣ್ವ ದುರ್ಬಲ. ನಿತ್ಯದ ಬಾಳಿಗೆ ಇರುವಷ್ಟು ಸಾಕು. ಬಾರ್ಬಿಟ್ಯುರೇಟ್ ದೇಹಕ್ಕೆ ಹೋದಾಗ ಯಕೃತ್ತು ಹೆಚ್ಚು ಹೀಮ್ ಬೇಕೆಂದು ಅವಸರಪಡಿಸುತ್ತದೆ, ಅರ್ಧಂಬರ್ಧ ತಯಾರಾದ ವಸ್ತುಗಳು ರಾಶಿ ಬೀಳುತ್ತವೆ, ನರಗಳು ಕೆಡುತ್ತವೆ. ಬಾರ್ಬಿಟ್ಯುರೇಟುಗಳು ಬಳಕೆಗೆ ಬಂದದ್ದೇ 20ನೇ ಶತಮಾನದ ಮೊದಲ ವರ್ಷಗಳಲ್ಲಿ. ಅದಕ್ಕೂ ಮುಂಚಿನ ಇನ್ನೂರು ವರ್ಷ ಈ ದೋಷವಿದ್ದವರು ಬಹುಮಟ್ಟಿಗೆ ಎಲ್ಲರಂತೆ ಬಾಳಿ, ತುಂಬು ಸಂಸಾರ ಬೆಳೆಸಿದರು.

ದೋಷವುಳ್ಳ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಎಂಟು ಮಕ್ಕಳಾದರೆ ನಾಲ್ವರಿಗೆ. ಆ ನಾಲ್ವರಿಗೂ ಎಂಟೆಂಟಾದರೆ 16, ಆಮೇಲೆ 64, 256. ಕಾಗದದ ಮೇಲಿನ ಈ ಲೆಕ್ಕದಲ್ಲಿ ಏಳನೆಯ ಪೀಳಿಗೆಗೆ 16,384 ಆಗುತ್ತದೆ! ದಕ್ಷಿಣ ಆಫ್ರಿಕದ ಬಿಳಿಯರಲ್ಲಿ ಸಾವಿರಕ್ಕೆ ಸುಮಾರು ಮೂವರಲ್ಲಿ ಈ ದೋಷವಿದೆಯೆಂದು ಅಂದಾಜು ಮಾಡಲಾಗಿದೆ. 1996ರಲ್ಲಿ ಜೀನಿನ ಮಟ್ಟದಲ್ಲೇ ಅದು ಸಿಕ್ಕಿತು. ಆ ಕಿಣ್ವದ 59ನೆಯ ಸ್ಥಾನದಲ್ಲಿ ಒಂದು ಅಮೈನೊ ಆಮ್ಲದ ಬದಲು ಇನ್ನೊಂದು. ಅಲ್ಲಿನ ಬಹುಪಾಲು ರೋಗಿಗಳಲ್ಲಿ ಅದೇ ಒಂದು ಬದಲಾವಣೆ!

ಅಳಿಸಿಹೋದ ಹೆಸರುಗಳೂ ಇವೆ. ನಮ್ಮ ಬಂಗಾಳದಿಂದ ಗುಲಾಮಳಾಗಿ 1657ರಲ್ಲಿ ಕೇಪಿಗೆ ಬಂದ ಆಂಜೆಲಾ 1666ರಲ್ಲಿ ಬಿಡುಗಡೆ ಹೊಂದಿ, 1669ರಲ್ಲಿ ಬಾಸನ್ ಎಂಬ ವಲಸೆಗಾರನನ್ನು ಮದುವೆಯಾದಳು. ದಾಖಲೆಯಲ್ಲಿ ಅವಳು ಆಂಜೆಲಾ ಫಾನ್ ಬೆಂಗಾಲೆ. ಮಕ್ಕಳು ಬಾಸನ್ ಆದರು. ಬಂಗಾಳ ಒಂದೇ ತಲೆಮಾರಿಗೆ ಹೆಸರಿನಿಂದ ಮರೆಯಾಯಿತು. ವರ್ಣಭೇದ ಕಾನೂನುಗಳ ಕಾಲದಲ್ಲಿ ಇಂಥ ಅಜ್ಜಿಯರ ನೆನಪು ಅನೇಕ ಬಿಳಿಯ ಮನೆಗಳಿಗೆ ಬೇಡವಾಗಿತ್ತು.

ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿವೆ. ಮನೆತನದ ಹೆಸರು ಅವರಲ್ಲಿ ಒಬ್ಬನನ್ನು ಮಾತ್ರ ತೋರಿಸುತ್ತದೆ. ಡೀನ್ ಪತ್ತೆ ಮಾಡಿದ ಮೇಲೆ, ಈ ದೋಷವಿರುವ ಮನೆಗಳವರು ತಮಗೆ ಕೊಡಬಾರದ ಮದ್ದುಗಳ ಪಟ್ಟಿಯನ್ನು ಜೊತೆಗಿಟ್ಟುಕೊಳ್ಳುವುದು ಸಾಧ್ಯವಾಯಿತು. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳಿಗೂ, ಅವರ ಮಕ್ಕಳಿಗೂ ಆ ಪಟ್ಟಿ ಅಷ್ಟೇ ಅಗತ್ಯ.