ಟ್ರ್ಯಾಕ್ಟರ್ ಕ್ಯಾಬಿನ್ ಒಳಗಿನ ಸದ್ದು ಇಳಿಸೋದು ಹೇಗೆ? ಕಿವಿ ಉಳಿಸಿಕೊಳ್ಳೋದು ಹೇಗೆ?



ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಹೆಸರು ರಾಶಿ ಮುಗಿದು, ಎರಿ ಹೊಲ ಹಸನು ಮಾಡಿ, ಕಡ್ಲಿ, ಬಿಳಿಜೋಳ ಬಿತ್ತೋ ಹೊತ್ತಿಗೆ ಟ್ರ್ಯಾಕ್ಟರ್‌ಗೆ ಪುರುಸೊತ್ತೇ ಇರೋದಿಲ್ಲ. ಹಸಿ ಆರೋದ್ರೊಳಗೆ ಬಿತ್ತಿಗೆ ಮುಗಿಸಬೇಕು ಅಂತ ಒಬ್ಬನೇ ಡ್ರೈವರ್ ಹೊತ್ತು ಮೂಡಿದಾಗಿಂದ ರಾತ್ರಿತನಕ ಸೀಟಿನ ಮೇಲೆ ಇರ್ತಾನೆ. ಸಂಜೆ ಕೆಳಗಿಳಿದಾಗ ಕಿವಿಯೊಳಗೆ ಗುಂಯ್ ಅನ್ನುತ್ತೆ. ಮನೆಯವರು ಮಾತಾಡಿಸಿದರೆ "ಏನಂದಿ?" ಅಂತ ಎರಡು ಸಲ ಕೇಳ್ತಾನೆ. ಬೆಳಿಗ್ಗೆ ಎದ್ದಾಗ ಸರಿ ಹೋಗಿರುತ್ತೆ, ಹಂಗಾಗಿ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಆದರೆ ಆ ಗುಂಯ್ ಅನ್ನೋದೇ ಕಿವಿ ಕೊಡೋ ಮೊದಲ ಎಚ್ಚರಿಕೆ.

ಒಳಗಿವಿಯಲ್ಲಿ ಸದ್ದು ಹಿಡಿಯೋ ಸಣ್ಣ ಸಣ್ಣ ಕೂದಲಿನಂಥ ಜೀವಕೋಶಗಳಿವೆ. ಒಂದು ಸಲ ಸತ್ತರೆ ಅವು ಮತ್ತೆ ಹುಟ್ಟೋದಿಲ್ಲ. ಮೊದಲು ಹೋಗೋದು ತೀಕ್ಷ್ಣ ಸದ್ದು ಕೇಳೋ ಶಕ್ತಿ. ಅದಕ್ಕೇ ಇಂಥವರಿಗೆ ಮಾತು ಕೇಳಿಸುತ್ತೆ, ಆದರೆ ಸ, ಶ, ಚ, ತ ಅಕ್ಷರಗಳು ಸ್ಪಷ್ಟ ಆಗೋದಿಲ್ಲ. ಇದನ್ನು ವಾಪಸ್ ತರೋ ಔಷಧಿ ಇಲ್ಲ. ತಡೆಯೋದೊಂದೇ ದಾರಿ.

ಎಷ್ಟು ಸದ್ದು, ಎಷ್ಟು ಹೊತ್ತು?

ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್‌ಗೆ ಲೋಡ್ ಬಿದ್ದಾಗ ಡ್ರೈವರ್ ಕಿವಿ ಹತ್ತಿರ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ದಾಟುತ್ತೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 'ನಿಯೋಷ್' ದಿನಕ್ಕೆ ಇಷ್ಟೇ ಹೊತ್ತು ಅಂತ ಹೇಳಿರೋ ಮಿತಿ ಹೀಗಿದೆ:

- 85 ಡೆಸಿಬಲ್: 8 ತಾಸು
- 88 ಡೆಸಿಬಲ್: 4 ತಾಸು
- 91 ಡೆಸಿಬಲ್: 2 ತಾಸು
- 94 ಡೆಸಿಬಲ್: 1 ತಾಸು
- 97 ಡೆಸಿಬಲ್: ಅರ್ಧ ತಾಸು

ಪ್ರತಿ 3 ಡೆಸಿಬಲ್ ಏರಿದಂತೆ ಸದ್ದಿನ ಶಕ್ತಿ ಎರಡು ಪಟ್ಟು ಆಗುತ್ತೆ, ಸುರಕ್ಷಿತ ಹೊತ್ತು ಅರ್ಧಕ್ಕೆ ಇಳಿಯುತ್ತೆ. ಇದನ್ನೇ ತಿರುಗಿಸಿ ನೋಡಿರಿ: ಬರೀ 3 ಡೆಸಿಬಲ್ ಇಳಿಸಿದರೂ ಕಿವಿಗೆ ಎರಡು ಪಟ್ಟು ಹೊತ್ತು ಸಿಗುತ್ತೆ. ಅದಕ್ಕೇ ಸಣ್ಣ ಸಣ್ಣ ರಿಪೇರಿಗೂ ಬೆಲೆ ಇದೆ.

ಸದ್ದು ಬರೋದು ಎರಡು ದಾರಿಯಿಂದ

ಒಂದು, ಗಾಳಿಯ ದಾರಿ. ಸೈಲೆನ್ಸರ್, ಎಂಜಿನ್, ಫ್ಯಾನ್ ಸದ್ದು ಗಾಳಿಯಲ್ಲಿ ನೇರ ಕಿವಿಗೆ ಬರುತ್ತೆ. ಎರಡು, ಕಬ್ಬಿಣದ ದಾರಿ. ನಮ್ಮಲ್ಲಿನ ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮೂರೂ ಸೇರಿ ಒಂದೇ ಬೆನ್ನೆಲುಬು. ಕಾರಿನಂತೆ ಎಂಜಿನ್ ಕೆಳಗೆ ರಬ್ಬರ್ ಇರೋದಿಲ್ಲ. ಹಂಗಾಗಿ ಎಂಜಿನ್ ನಡುಕ ನೇರ ಮಡ್‌ಗಾರ್ಡ್, ಕಾಲಿಡೋ ಪ್ಲೇಟ್, ಮೇಲಿನ ಹುಡ್‌ಗೆ ಹೋಗಿ, ಆ ತಗಡೇ ಡೊಳ್ಳಿನಂತೆ ಬಡಕೊಳ್ಳುತ್ತೆ. ಗಾಳಿಯ ದಾರಿ ಮುಚ್ಚಿದರೆ ಸಾಲದು, ಕಬ್ಬಿಣದ ದಾರಿಗೂ ರಬ್ಬರ್ ಅಡ್ಡ ಹಾಕಬೇಕು.

ಮೊದಲು ಸದ್ದು ಹುಟ್ಟೋ ಜಾಗ ನೋಡಿ

1. ಸೈಲೆನ್ಸರ್ ತುಕ್ಕು ಹಿಡಿದು ತೂತು ಬಿದ್ದಿದೆಯಾ, ಕ್ಲ್ಯಾಂಪ್ ಸಡಿಲ ಇದೆಯಾ ನೋಡಿ. ಎಂಜಿನ್ ತಣ್ಣಗಿದ್ದಾಗಲೇ ಕೈ ಹಾಕಿ.
2. ಎಂಜಿನ್ ಪಕ್ಕದಲ್ಲಿ 'ಚಸ್ ಚಸ್' ಅಂತ ಸದ್ದು ಬಂದು ಅಲ್ಲೇ ಮಸಿ ಕಾಣಿಸಿದರೆ ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗಿದೆ ಅಂತ ಅರ್ಥ. ಹೊಸ ಪ್ಯಾಕಿಂಗ್ ಹಾಕಿಸಿ. ಕ್ಯಾಬಿನ್ ಇದ್ದರಂತೂ ತಡ ಮಾಡಬೇಡಿ, ಹೊಗೆ ಒಳಗೆ ಬಂದು ತುಂಬಿಕೊಳ್ಳುತ್ತೆ.
3. ಫ್ಯಾನ್ ಬೆಲ್ಟ್ ಸಡಿಲಾದರೆ ಕಿರುಚುತ್ತೆ, ರೇಡಿಯೇಟರ್ ಜಾಳಿಗೆಯಲ್ಲಿ ಹೊಟ್ಟು ತುಂಬಿದರೆ ಎಂಜಿನ್ ಕಾಯುತ್ತೆ. ರಾಶಿ ದಿನಗಳಲ್ಲಿ ಎರಡನ್ನೂ ದಿನಾ ನೋಡಿ.
4. ಬಾನೆಟ್ ಲಾಕ್, ಟೂಲ್ ಬಾಕ್ಸ್, ಮಡ್‌ಗಾರ್ಡ್ ಬೋಲ್ಟ್, ನಂಬರ್ ಪ್ಲೇಟ್, ಹಿಂದಿನ ಸಲಾಕೆಗಳು. ಎಂಜಿನ್ ಚಾಲೂ ಇಟ್ಟು, ಗಾಡಿ ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಿಂತಾಗ, ಒಂದೊಂದು ತಗಡನ್ನೂ ಕೈಯಿಂದ ಒತ್ತಿ ಹಿಡೀರಿ. ಯಾವುದನ್ನು ಒತ್ತಿದಾಗ ಸದ್ದು ಇಳಿಯುತ್ತೋ ಅಲ್ಲಿ ರಬ್ಬರ್ ವಾಷರ್ ಹಾಕಿ ಬಿಗಿ ಮಾಡಿ. ಫ್ಯಾನ್, ಬೆಲ್ಟ್, ಪಿಟಿಒ ಹತ್ತಿರ ಮಾತ್ರ ಕೈ ಒಯ್ಯಬೇಡಿ.

ನಮ್ಮ ಕಡೆ ಬಿಸಿಲಿಗೆ ಅಂತ ತಗಡಿನ ಹುಡ್ ಹಾಕಿಸೋದು ರೂಢಿ. ನೆರಳೇನೋ ಬರುತ್ತೆ, ಆದರೆ ಬರೀ ತಗಡು ಸದ್ದನ್ನು ಮೇಲಿಂದ ವಾಪಸ್ ಕಿವಿಗೇ ತಳ್ಳುತ್ತೆ. ಹುಡ್ ಕಂಬಗಳ ಬುಡಕ್ಕೆ ದಪ್ಪ ರಬ್ಬರ್ ಕೊಟ್ಟು ಕೂಡಿಸಿ. ಆದರೆ ಕಂಪನಿಯಿಂದ ಬಂದ ಉರುಳು-ರಕ್ಷಣಾ ಚೌಕಟ್ಟು ಇದ್ದರೆ ಅದರ ಬೋಲ್ಟ್ ಬಿಚ್ಚಬೇಡಿ, ತೂತು ಕೊರೆಯಬೇಡಿ. ಗಾಡಿ ಪಲ್ಟಿ ಆದಾಗ ಜೀವ ಉಳಿಸೋದು ಅದೇ.

ಕ್ಯಾಬಿನ್ ಇದ್ದರೆ ಏನು ಮಾಡಬೇಕು?

ಕಂಪನಿಯ ಎಸಿ ಕ್ಯಾಬಿನ್ ಇರಲಿ, ಗ್ಯಾರೇಜ್‌ನಲ್ಲಿ ಕಟ್ಟಿಸಿದ್ದಿರಲಿ, ಸೂತ್ರ ಒಂದೇ: ಗಾಳಿ ಹೋಗೋ ಸಂದಿಯಲ್ಲಿ ಸದ್ದೂ ಹೋಗುತ್ತೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಉಳಿದದ್ದನ್ನು ಎಷ್ಟೇ ದಪ್ಪ ಮಾಡಿದರೂ ಸುಮಾರು 20 ಡೆಸಿಬಲ್‌ಗಿಂತ ಹೆಚ್ಚು ತಡೆಯೋದಕ್ಕೆ ಆಗೋದಿಲ್ಲ. ಅದಕ್ಕೆ ಮೊದಲು ಸಂದಿ ಹುಡುಕಿ.

ಬಾಗಿಲ ಚೌಕಟ್ಟಿಗೆ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೀರಿ. ಸಲೀಸಾಗಿ ಬಂದರೆ ಅಲ್ಲಿನ ರಬ್ಬರ್ ಸವೆದಿದೆ. ರಾತ್ರಿ ಒಳಗೆ ಮೊಬೈಲ್ ಟಾರ್ಚ್ ಹಚ್ಚಿಟ್ಟು ಹೊರಗಿಂದ ನೋಡಿದರೆ ಎಲ್ಲೆಲ್ಲಿ ಬೆಳಕು ಸೋರುತ್ತೋ ಅಲ್ಲೆಲ್ಲ ಸದ್ದೂ ಸೋರುತ್ತೆ. ಗೇರ್ ಲಿವರ್, ಹೈಡ್ರಾಲಿಕ್ ಲಿವರ್, ಪೆಡಲ್, ವೈರ್ ಒಳಬರೋ ತೂತುಗಳಿಗೆ ರಬ್ಬರ್ ಬೂಟ್ ಹಾಕಿಸಿ. ಲಿವರ್, ಪೆಡಲ್ ಪೂರ್ತಿ ಓಡಾಡುತ್ತಾವಾ ಅಂತ ಆಮೇಲೆ ಪರೀಕ್ಷೆ ಮಾಡಿ.

ನಂತರ ನೆಲ. ಎಂಜಿನ್, ಗೇರ್‌ಬಾಕ್ಸ್ ಸದ್ದು ಕೆಳಗಿಂದಲೇ ಬರೋದು. ತೆಳು ಫೋಮ್ ಹಾಸಿದರೆ ಸದ್ದು ನಿಲ್ಲೋದಿಲ್ಲ, ತಡೆಯೋದಕ್ಕೆ ತೂಕ ಬೇಕು. ಕೆಳಗೆ ಫೋಮ್, ಅದರ ಮೇಲೆ ಭಾರದ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಮ್ಯಾಟ್ ಪೆಡಲ್ ಕೆಳಗೆ ಸಿಕ್ಕಿಕೊಳ್ಳಬಾರದು, ಅಂಚು ಕತ್ತರಿಸಿ ಬಿಗಿಯಾಗಿ ಕೂಡಿಸಿ. ಮೇಲ್ಛಾವಣಿಗೆ ಸದ್ದು ಹೀರೋ ಫೋಮ್ ಹಚ್ಚಿದರೆ ಒಳಗಿನ ಗದ್ದಲ ಕಡಿಮೆ ಆಗುತ್ತೆ.

ಕೊನೆಗೆ ಕ್ಯಾಬಿನ್ ಕೂತಿರೋ ರಬ್ಬರ್ ಮೌಂಟ್ ನೋಡಿ. ಒಡೆದು ಕಲ್ಲಿನಂತೆ ಆಗಿದ್ದರೆ ಬದಲಿಸಿ. ಕಟ್ಟಿಸಿದ ಕ್ಯಾಬಿನ್ ನೇರ ಕಬ್ಬಿಣಕ್ಕೆ ವೆಲ್ಡ್ ಆಗಿದ್ದರೆ, ಬಾಗಿಲು ಹಾಕಿದ ಮೇಲೆ ಸದ್ದು ಇನ್ನೂ ಹೆಚ್ಚಾಗೋದೂ ಉಂಟು.

ಬೆಂಕಿ ಬಗ್ಗೆ ಎಚ್ಚರ

ಥರ್ಮಾಕೋಲ್, ಹಳೇ ಹಾಸಿಗೆ ಸ್ಪಂಜು, ಮೊಟ್ಟೆ ಟ್ರೇ, ಗೋಣಿಚೀಲ ಇವುಗಳಿಂದ ಟ್ರ್ಯಾಕ್ಟರ್ ಸದ್ದು ತಡೆಯೋದಕ್ಕೆ ಆಗೋದಿಲ್ಲ, ಆದರೆ ಬೆಂಕಿ ಮಾತ್ರ ಬೇಗ ಹತ್ತುತ್ತೆ. ಒಣ ಕಡ್ಲಿ ಹೊಟ್ಟು, ಜೋಳದ ರವದಿ ನಡುವೆ ನಿಲ್ಲೋ ಗಾಡಿ ಅದು. ಸೈಲೆನ್ಸರ್ ಹತ್ತಿರ, ಬಾನೆಟ್ ಒಳಗೆ ಏನನ್ನೂ ಅಂಟಿಸಬೇಡಿ. ಕ್ಯಾಬಿನ್ ಒಳಗೂ ಬೆಂಕಿ ತಡೆಯೋ ಫೋಮ್ ಅಂತ ಕೇಳಿಯೇ ತಗೊಳ್ಳಿ.

ಖರ್ಚಿಲ್ಲದ ಉಪಾಯ

ಹಗುರ ಕೆಲಸಕ್ಕೆ ಮೇಲಿನ ಗೇರ್ ಹಾಕಿ ಎಕ್ಸಿಲೇಟರ್ ಇಳಿಸಿ. ಸದ್ದೂ ಕಡಿಮೆ, ಡೀಸೆಲ್ಲೂ ಕಡಿಮೆ. ಎಂಜಿನ್ ಹೊಯ್ದಾಡಿದರೆ, ಕಪ್ಪು ಹೊಗೆ ಬಂದರೆ ಗೇರ್ ಇಳಿಸಿ. ಎಕಾನಮಿ ಪಿಟಿಒ ಇದ್ದರೆ ಹಗುರ ಯಂತ್ರಕ್ಕೆ ಅದನ್ನೇ ಬಳಸಿ. ರಾಶಿ ಮಷಿನ್ ಓಡುವಾಗ ಸುಮ್ಮನೆ ಸೀಟಿನ ಮೇಲೆ ಕೂತಿರಬೇಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ. ಮಷಿನ್‌ಗೆ ಹಾಕೋ ಹೆಣ್ಣಾಳು, ಗಂಡಾಳುಗಳ ಕಿವಿಗೂ ಅದೇ ಸದ್ದು ಬೀಳ್ತಿರುತ್ತೆ ಅನ್ನೋದು ನೆನಪಿರಲಿ.

ಕಿವಿಗೆ ಏನು ಹಾಕಬೇಕು?

ಕ್ಯಾಬಿನ್ ಇಲ್ಲದವರಿಗೆ ಇದೇ ಮುಖ್ಯ. ಅರಳೆ ತುರುಕಿದರೆ ಸಾಲದು. ಮೆಡಿಕಲ್ ಶಾಪ್‌ನಲ್ಲಿ, ಆನ್‌ಲೈನ್‌ನಲ್ಲಿ ಫೋಮಿನ ಇಯರ್ ಪ್ಲಗ್ ಕಡಿಮೆ ದರಕ್ಕೆ ಸಿಗುತ್ತೆ. ಸ್ವಚ್ಛ ಕೈಯಿಂದ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ-ಹಿಂದಕ್ಕೆ ಎಳೆದು, ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡೀರಿ. ಅದು ಅರಳಿಕೊಂಡಾಗ ಸದ್ದು ದೂರ ಸರಿದಂತೆ ಆಗುತ್ತೆ. ಧೂಳಿನಲ್ಲಿ ಪದೇ ಪದೇ ತೆಗೆದು ಹಾಕೋರಿಗೆ ಹೆಡ್‌ಫೋನ್‌ನಂತೆ ಕೂಡೋ ಇಯರ್ ಮಫ್ ಅನುಕೂಲ. ರಸ್ತೆಗೆ ಬಂದಾಗ ಎರಡೂ ಕನ್ನಡಿ ಸರಿ ಇರಲಿ.

"ಇಯರ್‌ಫೋನ್ ಹಾಕ್ಕೊಂಡಿರ್ತೀನಲ್ರಿ ಅಣ್ಣಾರ" ಅಂತ ಭಾಳ ಹುಡುಗರು ನನಗೆ ಹೇಳ್ತಾರೆ. ತಮ್ಮಾ, ಅದು ರಕ್ಷಣೆ ಅಲ್ಲ. ಎಂಜಿನ್ ಸದ್ದು ಮೀರಿಸಿ ಹಾಡು ಕೇಳಬೇಕು ಅಂದರೆ ವಾಲ್ಯೂಮ್ ಅದಕ್ಕಿಂತ ಮೇಲೆ ಹೋಗಲೇಬೇಕು. ಟ್ರ್ಯಾಕ್ಟರ್ ಮೇಲೆ ದೊಡ್ಡ ಸ್ಪೀಕರ್ ಕಟ್ಟೋದೂ ಅಷ್ಟೇ.

ಮೊಬೈಲ್‌ನಿಂದ ಅಳತೆ

ಸೌಂಡ್ ಮೀಟರ್ ಆ್ಯಪ್‌ಗಳು ಪುಕ್ಕಟೆ ಸಿಗುತ್ತಾವೆ. ಮೊಬೈಲ್ ಅಂಕಿ ಪಕ್ಕಾ ಅಲ್ಲ, ಆದರೆ ರಿಪೇರಿ ಮೊದಲು ಮತ್ತು ನಂತರ ಹೋಲಿಸೋದಕ್ಕೆ ಸಾಕು. ಅದೇ ಮೊಬೈಲ್, ಅದೇ ಜಾಗ, ಅದೇ ಆರ್‌ಪಿಎಂ ಇರಲಿ. ಗಾಡಿ ನಿಂತಾಗ ಕಿವಿ ಹತ್ತಿರ ಹಿಡಿದು ನೋಡಿ, ಗಾಳಿ ಮೈಕ್‌ಗೆ ಹೊಡೆಯದಂತೆ ಮರೆ ಮಾಡಿ.

ಹೊಸ ಟ್ರ್ಯಾಕ್ಟರ್ ತಗೊಳ್ಳೋರು ಮಧ್ಯಪ್ರದೇಶದ ಬುದ್ನಿಯಲ್ಲಿರೋ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆಯ ವರದಿ ಕೇಳಿ ನೋಡಿ. ಡ್ರೈವರ್ ಕಿವಿ ಹತ್ತಿರದ ಸದ್ದನ್ನೂ ಅದರಲ್ಲಿ ಕೊಟ್ಟಿರುತ್ತಾರೆ. ಎಚ್‌ಪಿ, ಮೈಲೇಜ್ ಜೊತೆ ಅದನ್ನೂ ಹೋಲಿಸಿ.

ಮಾಲೀಕರಿಗೆ ಒಂದು ಮಾತು

ನಮ್ಮಲ್ಲಿ ಬಾಡಿಗೆ ಗಾಡಿ ಓಡಿಸೋದು ಹೆಚ್ಚಾಗಿ ಪಗಾರದ ಡ್ರೈವರ್. ಗಾಡಿ ಒಬ್ಬರದು, ಕಿವಿ ಮತ್ತೊಬ್ಬರದು. ಆಯಿಲ್, ಗ್ರೀಸ್ ಖರ್ಚಿನ ಜೊತೆ ಪ್ಲಗ್ ಖರ್ಚನ್ನೂ ಮಾಲೀಕರೇ ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ. ಸೀಜನ್‌ನಲ್ಲಿ ಇಬ್ಬರು ಪಾಳಿ ಮೇಲೆ ಓಡಿಸಿದರೆ ಇನ್ನೂ ಒಳ್ಳೇದು.

ಕಿವಿಯಲ್ಲಿ ಗುಂಯ್ ಅನ್ನೋದು ಮಾರನೇ ದಿನಕ್ಕೂ ಉಳಿದರೆ, ಮಾತು ಅಸ್ಪಷ್ಟ ಅನಿಸಿದರೆ ತಡ ಮಾಡದೆ ಗದಗ ಜಿಮ್ಸ್ ಆಸ್ಪತ್ರೆಯಲ್ಲಾಗಲಿ, ಹತ್ತಿರದ ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರವಾಗಲಿ ತೋರಿಸಿ. ಈ ವಾರ ಇಷ್ಟು ಮಾಡಿ: ಒಂದು ಸಂಜೆ ಪಾನಾ ಹಿಡಿದು ಬೋಲ್ಟ್ ಬಿಗಿ ಮಾಡಿ, ಸೈಲೆನ್ಸರ್ ನೋಡಿ, ಎರಡು ಜೊತೆ ಪ್ಲಗ್ ತಂದು ಟೂಲ್ ಬಾಕ್ಸ್‌ನಲ್ಲಿ ಡಬ್ಬಿಯೊಳಗೆ ಇಡಿ. ಒಂದು ಜೊತೆ ನಿಮಗೆ, ಇನ್ನೊಂದು ಜೊತೆ ಪಕ್ಕದಲ್ಲಿ ಕೂರೋರಿಗೆ ಅಲ್ಲ, ನಿಮ್ಮ ಪಾಳಿ ಆದ ಮೇಲೆ ಸ್ಟೇರಿಂಗ್ ಹಿಡಿಯೋನಿಗೆ. ಓಡೋ ಗಾಡಿ ಮೇಲೆ ಮಡ್‌ಗಾರ್ಡ್ ಏರಿ ಯಾರೂ ಕೂರೋದೇ ಬೇಡ.